ಟ್ರಿಸ್ಟನ್ ಡ ಕುನ್ಹಾದಲ್ಲಿ ಜನ ಹೇಗೆ ಬದುಕುತ್ತಾರೆ?

ನಕ್ಷೆಹುಚ್ಚ: ಮ್ಯಾಪ್ ನೋಡುತ್ತಾ ಕೂತಿದ್ದೆ, ದಕ್ಷಿಣ ಅಟ್ಲಾಂಟಿಕ್ ನಡುವೆ ಒಂದು ಚುಕ್ಕೆ ಸಿಕ್ಕಿತು. ಸುಮಾರು 250 ಜನ ಅಷ್ಟೇ, ವಿಮಾನ ನಿಲ್ದಾಣವೂ ಇಲ್ಲ. ಇವರಿಗೆ ದುಡ್ಡು ಎಲ್ಲಿಂದ ಬರುತ್ತದೆ? ಆಳುವವರು ಯಾರು?

ಕಡಲಕಾಗೆ: ದುಡ್ಡು ಮುಖ್ಯವಾಗಿ ಲಾಬ್‌ಸ್ಟರ್‌ನಿಂದ. ಸಮುದ್ರ ಶಾಂತವಾಗಿದ್ದರೆ ಬೆಳಗಿನ ಜಾವ ಊರಲ್ಲಿ ಗಂಟೆ ಬಾರಿಸುತ್ತಾರೆ, ಅಂದರೆ ಇವತ್ತು ಮೀನುಗಾರಿಕೆ ಉಂಟು ಅಂತ, ಆಮೇಲೆ ದೋಣಿಗಳು ಹೊರಡುತ್ತವೆ. ಅಂಚೆ ಚೀಟಿಯಿಂದಲೂ ಸ್ವಲ್ಪ ಬರುತ್ತದೆ. ಮನೆಗೆ ಬೇಕಾದ ಆಲೂಗಡ್ಡೆ ಅವರೇ ಬೆಳೆಯುತ್ತಾರೆ. ಜಮೀನು ಮಾತ್ರ ಎಲ್ಲರದೂ, ಹೊರಗಿನವರು ಕೊಳ್ಳೋ ಹಾಗಿಲ್ಲ. ಸೈಟ್ ಕನಸು ಬಿಟ್ಟುಬಿಡಿ :)

ಹಳೆಗಂಟು: ಬ್ರಿಟನ್‌ಗೆ ಸೇರಿದ್ದು. ಗವರ್ನರ್ ಇರುವುದು 2,400 ಕಿ.ಮೀ. ದೂರದ ಸೇಂಟ್ ಹೆಲೆನಾದಲ್ಲಿ! ಇಲ್ಲಿ ಒಬ್ಬ ಆಡಳಿತಾಧಿಕಾರಿ, ಜೊತೆಗೆ ದ್ವೀಪ ಮಂಡಳಿ. ಮೂರು ವರ್ಷಕ್ಕೊಮ್ಮೆ ಚುನಾವಣೆ.

ನಕ್ಷೆಹುಚ್ಚ: ಹೋಗುವುದು ಹೇಗೆ?

ಕಡಲಕಾಗೆ: ಕೇಪ್‌ಟೌನ್‌ನಿಂದ ಹಡಗು, ಸುಮಾರು ಒಂದು ವಾರ. ಅಲೆ ಜಾಸ್ತಿಯಿದ್ದರೆ ದಡ ಕಣ್ಣೆದುರಿಗೇ ಇದ್ದರೂ ಇಳಿಯೋಕಾಗಲ್ಲ, ಹಡಗಲ್ಲೇ ಸುಮ್ನೆ ಕಾಯಬೇಕು.

ಹಳೆಗಂಟು: 1961ರಲ್ಲಿ ಜ್ವಾಲಾಮುಖಿ ಸಿಡಿದು ಎಲ್ಲರನ್ನೂ ಇಂಗ್ಲೆಂಡಿಗೆ ಸಾಗಿಸಿದ್ದರು. ಅಲ್ಲೇ ಇರಬಹುದಿತ್ತು ಅಲ್ವಾ? 1963ರಲ್ಲಿ ಹೆಚ್ಚಿನವರು ವಾಪಸ್ ಹೋದರು.