ಬಂಟಿಗೆ ತಂದ ಮೂಳೆ ಪ್ಯಾಕೆಟ್

ಗುಂಪು: ನಮ್ಮ ಮನೆಯವರು, ಶ್ರೀನಿವಾಸಪುರ

ಪ್ರದೀಪ: ಫೋಟೊ ನೋಡಿ. ಕೋಲಾರಕ್ಕೆ ಹೋಗಿದ್ದೆ, ಬಂಟಿಗೆ ಅಂತ ಚರ್ಮದ ಮೂಳೆ ತಂದೆ. ಪ್ಯಾಕೆಟ್‌ನಲ್ಲಿ ಮೂರಿವೆ. ಐದು ತಿಂಗಳ ಮರಿ, ಚಪ್ಪಲಿ, ಮಂಚದ ಕಾಲು, ಅಪ್ಪನ ಕನ್ನಡಕದ ಡಬ್ಬಿ ಎಲ್ಲ ಕಡಿದು ಹಾಕಿದೆ. ಕೊಡಬಹುದಾ?

ದೊಡ್ಡಪ್ಪ: ಸುಮ್ನೆ ಯಾಕಪ್ಪ ದುಡ್ಡು ಹಾಕಿದೆ? ಭಾನುವಾರ ಮಟನ್ ಸಾರಿನ ಮೂಳೆ ಹಾಕು. ಈಗಂತೂ ಸುಗ್ಗಿ, ಮಾವಿನ ವಾಟೆಗೇನು ಬರವಾ? ನಮ್ಮ ತೋಟದ ನಾಯಿಗಳು ಅದನ್ನೇ ಕಚ್ಚಿಕೊಂಡು ಬೆಳೆದವು.

ಚಿಂತಾಮಣಿ ಅತ್ತೆ: ಹಲ್ಲು ಸ್ವಚ್ಛ ಆಗುತ್ತೆ ಅಂತ ಪ್ಯಾಕೆಟ್ ಮೇಲೇ ಬರೆದಿದೆಯಲ್ಲ.

ನಾನು: ಪ್ರದೀಪ, ಇನ್ನೂ ಒಡೆದಿಲ್ಲ ತಾನೆ? ಒಡೆಯಬೇಡ.

ನಾನು: ದೊಡ್ಡಪ್ಪ, ಬೇಜಾರು ಮಾಡಿಕೊಳ್ಳಬೇಡಿ. ಸಾರಿನ ಬೆಂದ ಮೂಳೆಯೂ ಬೇಡ, ವಾಟೆಯಂತೂ ಬೇಡವೇ ಬೇಡ. ನಮ್ಮ ಕರಿಯ ರಸಪುರಿ ವಾಟೆ ನುಂಗಿದ್ದು ನೆನಪಿದೆಯಾ? ಮೊದಲ ದಿನ ತಿಂದದ್ದೆಲ್ಲ ವಾಂತಿ. ಅಜೀರ್ಣ ಇರಬೇಕು ಅಂದುಕೊಂಡು ಮಜ್ಜಿಗೆ ಅನ್ನ ಕೊಟ್ಟೆ. ಮರುದಿನ ನೀರೂ ನಿಲ್ಲಲಿಲ್ಲ, ಕಕ್ಕ ಪೂರ್ತಿ ನಿಂತಿತು. ಬೆನ್ನು ಬಿಲ್ಲಿನ ಹಾಗೆ ಬಗ್ಗಿಸಿಕೊಂಡು ಮೂಲೆಯಲ್ಲಿ ನಿಂತಿರುತ್ತಿದ್ದ. ಸಣ್ಣ ಕರುಳಿನಲ್ಲಿ ಸಿಕ್ಕಿಕೊಂಡಿತ್ತು. ಆಪರೇಷನ್ ಆದ ಮೇಲೆ ಡಾಕ್ಟರ್ ಸ್ಟೀಲ್ ತಟ್ಟೆಯಲ್ಲಿ ತಂದು ತೋರಿಸಿದರು. ನಾರು ಇನ್ನೂ ಅಂಟಿಕೊಂಡಿತ್ತು, ಒಂದು ತುದಿಯಲ್ಲಿ ಅವನ ಹಲ್ಲಿನ ಗುರುತು. ಇನ್ನೊಂದು ದಿನ ತಡವಾಗಿದ್ದರೆ ಕರುಳು ಕೊಳೆತು ಹೋಗುತ್ತಿತ್ತು ಅಂದರು. ಮುಸುಕಿನ ಜೋಳದ ತೆನೆಯ ದಿಂಡು ನುಂಗಿದರೂ ಇದೇ ಕಥೆ.

ದೊಡ್ಡಪ್ಪ: ಅದು ಒಂದು ನಾಯಿ ಕಣಮ್ಮ. ನಾನು 30 ವರ್ಷದಿಂದ ಸಾಕಿದ್ದೇನೆ. ಮೂಳೆ ತಿಂದು ಒಂದೂ ಸತ್ತಿಲ್ಲ.

ನಾನು: ಕೆಂಚ? ಮೂರು ದಿನ ಊಟ ಬಿಟ್ಟು, ಆಮೇಲೆ ಹೊಂಗೆ ಮರದ ಬುಡದಲ್ಲಿ ಸಿಕ್ಕಿದ್ದ. ಯಾರೋ ವಿಷ ಹಾಕಿದ್ದಾರೆ ಅಂದಿರಿ. ನಿಜವಾಗಿ ಏನಾಗಿತ್ತು ಅಂತ ನಮಗ್ಯಾರಿಗೂ ಗೊತ್ತಾಗಲಿಲ್ಲ, ಅಲ್ವಾ ದೊಡ್ಡಪ್ಪ?

ಚಿಂತಾಮಣಿ ಅತ್ತೆ: ಅಯ್ಯೋ ಕೆಂಚ. ಹಾಲಿನವನ ಸೈಕಲ್ ಹಿಂದೆ ಓಡುತ್ತಿತ್ತು.

ಪ್ರದೀಪ: ಸರಿ ಅಕ್ಕ, ಮೂಳೆ, ವಾಟೆ ಬಿಡು. ಇದು ಅಂಗಡಿಯದ್ದು, ನಾಯಿಗೆಂದೇ ಮಾಡಿದ್ದು. ಇದಕ್ಕೇನು?

ನಾನು: ಅದು ದನದ ಚರ್ಮದ ಒಳಪದರ ಕಣೋ. ಒಣಗಿಸಿ ಸುತ್ತಿ ಮೂಳೆ ಆಕಾರ ಮಾಡಿರುತ್ತಾರೆ. ಎಂಜಲಿಗೆ ನೆನೆದು ಮೆತ್ತಗಾದಾಗ ತುಂಡು ಕಿತ್ತು ಬರುತ್ತೆ. ಬಂಟಿ ಅಗಿಯುವ ಜಾತಿಯಲ್ಲ, ಗುಳುಂ ಅಂತ ನುಂಗುವ ಜಾತಿ. ಗಂಟಲಲ್ಲಿ ಸಿಕ್ಕಬಹುದು, ಹೊಟ್ಟೆಯೊಳಗೆ ಉಬ್ಬಿ ದಾರಿ ಕಟ್ಟಬಹುದು. ನೆನೆಯುವ ಮೊದಲು ಅದು ಕಲ್ಲು. ಮರಿಯ 28 ಹಾಲು ಹಲ್ಲು ಬಿದ್ದು 42 ಗಟ್ಟಿ ಹಲ್ಲು ಬರುವ ಕಾಲ ಇದು. ವಸಡು ನವೆಯಾಗಿ ಕಡಿಯುತ್ತಿದೆ, ಹಟಕ್ಕಲ್ಲ. ಹೊಸ ಹಲ್ಲು ಮುರಿದರೆ ಮತ್ತೆ ಬರಲ್ಲ.

ನಾನು: ಒಂದು ಕೆಲಸ ಮಾಡು. ಯಾವ ಆಟಿಕೆಯಾದರೂ ಹೆಬ್ಬೆರಳ ಉಗುರಿನಿಂದ ಒತ್ತಿ ನೋಡು. ಸ್ವಲ್ಪವೂ ತಗ್ಗದಿದ್ದರೆ ಮರಿಗೆ ಬೇಡ.

ದೊಡ್ಡಪ್ಪ: ಬೇಯಿಸಿದ್ದು ಬೇಡ ಅಂದರೆ ಹಸಿ ಮೂಳೆ? ಕಾಡಿನಲ್ಲಿ ತೋಳಕ್ಕೆ ಯಾರು ಬೇಯಿಸಿ ಹಾಕುತ್ತಾರೆ?

ನಾನು: ನೀವು ಕೇಳಿದ್ದು ಸರಿಯಾಗಿದೆ ದೊಡ್ಡಪ್ಪ. ಬೆಂದ ಮೂಳೆ ಒಣಗಿ ಸೂಜಿಯ ಹಾಗೆ ಸೀಳುತ್ತೆ, ಕೋಳಿಯದ್ದಂತೂ ಜಾಸ್ತಿ. ಹಸಿಯದ್ದು ಅಷ್ಟು ಸೀಳಲ್ಲ. ಆದರೆ ಕುರಿ ತೊಡೆಯ ಮೂಳೆಯಲ್ಲಿ ದವಡೆ ಹಲ್ಲು ಸೀಳುವುದು ಉಂಟು. ಹಸಿ ಮಾಂಸದ ಕ್ರಿಮಿಯೂ ಇರುತ್ತೆ, ಮನೆಯಲ್ಲಿ ಪಾಪು ನೆಲದ ಮೇಲೆ ಅಂಬೆಗಾಲಿಡುತ್ತಿದೆ. ನಾನಂತೂ ಕೊಡಲ್ಲ.

ಪ್ರದೀಪ: ಮತ್ತೆ ಏನು ಕೊಡಲಿ?

ನಾನು: ಒತ್ತಿದರೆ ಬಗ್ಗುವ ಗಟ್ಟಿ ರಬ್ಬರ್ ಆಟಿಕೆ. ಬಾಯೊಳಗೆ ಪೂರ್ತಿ ಹೋಗದಷ್ಟು ದೊಡ್ಡದು. ಒಳಗೆ ಟೊಳ್ಳಿದ್ದರೆ ಎರಡೂ ಕಡೆ ತೂತಿರಬೇಕು. ಒಂದೇ ತೂತಾದರೆ ಗಾಳಿ ಎಳೆದು ನಾಲಿಗೆ ಸಿಕ್ಕಿಕೊಳ್ಳುತ್ತೆ. ಮೊಸರನ್ನ ತುಂಬಿ ಫ್ರೀಜರ್‌ನಲ್ಲಿಟ್ಟು ಕೊಡು, ತಂಪಿಗೆ ವಸಡಿನ ನೋವು ಇಳಿಯುತ್ತೆ. ಹಗ್ಗದ ಗೊಂಬೆ ದಾರ ಬಿಟ್ಟರೆ ಅವತ್ತೇ ಎಸೆ, ದಾರ ಕರುಳನ್ನು ಸುಕ್ಕುಗಟ್ಟಿಸಿ ಕೊಯ್ಯುತ್ತೆ. ಕೀಕ್ ಅನ್ನುವ ಗೊಂಬೆಯ ಒಳಗಿನ ಪೀಪಿಯೂ ಹಾಗೇ, ಕಿತ್ತು ನುಂಗುತ್ತವೆ. ಏನೇ ಕೊಟ್ಟರೂ ಹತ್ತಿರ ಕೂತು ನೋಡು.

ಚಿಂತಾಮಣಿ ಅತ್ತೆ: ನಮ್ಮ ಬ್ರೌನಿ ಇಡೀ ದಿನ ಟೆನಿಸ್ ಬಾಲ್ ಕಚ್ಚುತ್ತೆ. ಪರವಾಗಿಲ್ವಾ?

ನಾನು: ಎಸೆದು ಆಡಿಸಿ ಅತ್ತೆ, ಆಮೇಲೆ ಎತ್ತಿಡಿ. ಆ ಜುಂಗಿಗೆ ಮಣ್ಣು ಸೇರಿ ಹಲ್ಲು ಸವೆಸುತ್ತೆ.

ಪ್ರದೀಪ: ಉಗುರು ಒತ್ತಿದೆ ಅಕ್ಕ, ಗೆರೆಯೂ ಬೀಳಲಿಲ್ಲ. ನಾಳೆ ಅಂಗಡಿಗೆ ವಾಪಸ್ ಕೊಟ್ಟು ರಬ್ಬರ್‌ದು ಕೇಳುತ್ತೇನೆ.

ದೊಡ್ಡಪ್ಪ: ತೋಟದಲ್ಲಿ ವಾಟೆ ಹಾಕುವ ಡ್ರಮ್ಮಿಗೆ ಮುಚ್ಚಳ ಹಾಕಿಸಿ, ಮೇಲೆ ಕಲ್ಲು ಇಡಿಸಿದ್ದೇನೆ. ಮೂಳೆ ವಿಷಯ ನಾನು ಇನ್ನೂ ಒಪ್ಪಿಲ್ಲ. ಭಾನುವಾರ ಬಾ, ಮಾತಾಡೋಣ.