ಅಪ್‌ಡೇಟ್: ಫಿಫ್ತ್ ವೀಲ್ ಟ್ರೈಲರ್‌ನ ಲ್ಯಾಂಡಿಂಗ್ ಗೇರ್, ಸ್ಲೈಡ್ ಔಟ್ ಎರಡೂ ಸರಿಹೋದವು

ಇಲ್ಲಿ ಟೆಕ್ಸಾಸ್‌ನಲ್ಲಿ ನಮ್ಮ ಫಿಫ್ತ್ ವೀಲ್ ಟ್ರೈಲರ್‌ನ (ಪಿಕಪ್ ಟ್ರಕ್ಕಿನ ಹಿಂಭಾಗಕ್ಕೆ ಸಿಕ್ಕಿಸಿ ಎಳೆಯುವ ಮನೆಯಂಥ ಟ್ರೈಲರ್) ಮುಂದಿನ ಕಾಲುಗಳು, ಅಂದ್ರೆ ಲ್ಯಾಂಡಿಂಗ್ ಗೇರ್, ಇಳಿಯುತ್ತಿಲ್ಲ, ಸ್ಲೈಡ್ ಔಟ್ (ಮೋಟಾರ್‌ನಿಂದ ಹೊರಗೆ ಸರಿಯುವ ಕೋಣೆಯ ಭಾಗ) ಅರ್ಧಕ್ಕೇ ನಿಲ್ಲುತ್ತೆ ಅಂತ ಕೇಳಿದ್ದೆನಲ್ಲ, ಈಗ ಎರಡೂ ಸಲೀಸಾಗಿ ಓಡುತ್ತಿವೆ. ಅರ್ಥ್ ವೈರ್ (ಮೋಟಾರ್‌ನ ಕರೆಂಟ್ ಚಾಸಿ ಮೂಲಕ ಬ್ಯಾಟರಿಗೆ ವಾಪಸ್ ಹೋಗಲು ಇರುವ ತಂತಿ) ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್.

ಹೊಸ ಬ್ಯಾಟರಿ ಹಾಕಿದರೂ ಏನೂ ಬದಲಾಗಲಿಲ್ಲ. ಶಿಯರ್ ಪಿನ್ (ಭಾರ ಹೆಚ್ಚಾದರೆ ತಾನೇ ಮುರಿದು ಉಳಿದದ್ದನ್ನು ಕಾಪಾಡುವ ಪಿನ್) ಮುರಿದಿರಲಿಲ್ಲ, ಸ್ವಿಚ್ ಕೂಡ ಚೆನ್ನಾಗಿತ್ತು. ದಾರಿ ತೋರಿಸಿದ್ದು ಮಲ್ಟಿಮೀಟರ್. ಸ್ವಿಚ್ ಒತ್ತಿ ಹಿಡಿದಾಗ ಬ್ಯಾಟರಿಯಲ್ಲಿ 12.3 ವೋಲ್ಟ್, ಮೋಟಾರ್ ಹತ್ತಿರ ಬರೀ 9! ಅಂದ್ರೆ ನಡುವೆ ಎಲ್ಲೋ ಕರೆಂಟಿಗೆ ಅಡ್ಡಿ ಇದೆ. ಸ್ವಿಚ್ ಒತ್ತದೆ ಸುಮ್ನೆ ಬ್ಯಾಟರಿ ಅಳೆದರೆ ಇದು ಗೊತ್ತೇ ಆಗಲ್ಲ. ಚಾಸಿಗೆ ಬಿಗಿದಿದ್ದ ಅರ್ಥ್ ಬೋಲ್ಟ್ ಬಿಚ್ಚಿದರೆ ರಿಂಗ್ ಟರ್ಮಿನಲ್ (ತಂತಿ ತುದಿಯ ಬಳೆ) ಹಿಂದೆ ಕೆಂಪು ತುಕ್ಕು, ಮುಟ್ಟಿದರೆ ಉದುರುತ್ತಿತ್ತು, ಮತ್ತೆ ಕಾಲುಗಳದ್ದು, ಸ್ಲೈಡ್ ಔಟ್‌ದು ಎರಡೂ ಮೋಟಾರ್‌ಗಳ ಅರ್ಥ್ ಅದೇ ಬೋಲ್ಟಿಗೆ, ಅದಕ್ಕೇ ಎರಡೂ ಕೈಕೊಟ್ಟಿದ್ದು. ಸ್ಯಾಂಡ್ ಪೇಪರ್‌ನಲ್ಲಿ ಹೊಳೆಯುವ ತನಕ ಉಜ್ಜಿ, ಹೊಸ ಟರ್ಮಿನಲ್, ಸ್ಟಾರ್ ವಾಷರ್ ಹಾಕಿ ಬಿಗಿದು ಮೇಲೆ ಗ್ರೀಸ್ ಬಳಿದೆ, ಅಷ್ಟೇ.

ನನಗೆ ಆಶ್ಚರ್ಯ ಆಗಿದ್ದು ಏನಂದ್ರೆ, ಕ್ಯಾಂಪ್‌ನ ಕರೆಂಟ್ ಪ್ಲಗ್ ಹಾಕಿದ್ದರೂ ಈ ಮೋಟಾರ್‌ಗಳು ಓಡುವುದು 12 ವೋಲ್ಟ್ ಡಿಸಿಯಲ್ಲೇ. ಹಾಗಾಗಿ ಅರ್ಥ್ ಕೆಟ್ಟಿದ್ದರೆ ಹೊರಗಿನ ಕರೆಂಟ್ ಇದ್ದೂ ಉಪಯೋಗ ಇಲ್ಲ. ಬೋಲ್ಟ್ ಮುಟ್ಟುವ ಮೊದಲು ಆ ಪ್ಲಗ್ ತೆಗೆದು, ಬ್ಯಾಟರಿಯ ನೆಗೆಟಿವ್ ಕೂಡ ಬಿಚ್ಚಿಡಿ.