ಅಂಗನವಾಡಿ ಮುಚ್ಚಿದಾಗ ಮಗುವಿನ ಪಾಲು ಮಗುವಿಗೇ ತಲುಪುವುದು ಹೇಗೆ?

ಹೊಸಚಿಗುರು ಕೇಳಿದ್ದು:

ಮತ್ತೊಂದು ಸಾಂಕ್ರಾಮಿಕ ಬಂದು ಅಂಗನವಾಡಿಗಳನ್ನು ಎರಡು-ಮೂರು ತಿಂಗಳು ಮುಚ್ಚಬೇಕಾದರೆ ಏನು ಮಾಡಬೇಕು ಅಂತ ತಾಲ್ಲೂಕು ಮಟ್ಟದಲ್ಲಿ ಯೋಜನೆ ಬರೆಯುತ್ತಿದ್ದೇವೆ. 2020ರ ಮಾರ್ಚ್‌ನಲ್ಲಿ ಬಿಸಿಯೂಟ ಒಮ್ಮೆಲೇ ನಿಂತು, ಪದಾರ್ಥವನ್ನು ಮನೆಗೆ ಕೊಡುವ ಕ್ರಮ ಬಂತು. ಆ ಅನುಭವ ಇಟ್ಟುಕೊಂಡೇ ಬರೆಯಬೇಕು.

ಮಾದರಿಗೆ ಒಂದು ಕೇಂದ್ರ ಅಂದುಕೊಳ್ಳಿ: 3ರಿಂದ 6 ವರ್ಷದ 30 ಮಕ್ಕಳು, 6 ತಿಂಗಳಿಂದ 3 ವರ್ಷದ 25 ಮಕ್ಕಳು, ಗರ್ಭಿಣಿ-ಬಾಣಂತಿಯರು 12 ಮಂದಿ, ತೀವ್ರ ಅಪೌಷ್ಟಿಕತೆ ಇರುವ ಮಕ್ಕಳು ಇಬ್ಬರು. ಬಿಸಿಯೂಟದ ಬದಲು ಚೀಲದಲ್ಲಿ ಏನೇನು, ಎಷ್ಟೆಷ್ಟು ಇರಬೇಕು? ಎಷ್ಟು ದಿನಕ್ಕೊಮ್ಮೆ ಕೊಡಬೇಕು? ತೂಕ ನೋಡುವುದೇ ನಿಂತರೆ ಕುಗ್ಗುತ್ತಿರುವ ಮಗು ಕಣ್ಣಿಗೆ ಬೀಳುವುದು ಹೇಗೆ? ಸುತ್ತೋಲೆಯ ಭಾಷೆ ಬೇಡ, ಲೆಕ್ಕ ಕೊಡಿ.

ತಕ್ಕಡಿ ಉತ್ತರಿಸಿದ್ದು:

ಬಿಸಿಯೂಟದ ಅಳತೆಪಟ್ಟಿಯನ್ನೇ ತಿಂಗಳ 25 ದಿನದಿಂದ ಗುಣಿಸಿ ಚೀಲಕ್ಕೆ ತುಂಬಬೇಡಿ. ಕೇಂದ್ರದಲ್ಲಿ ತರಕಾರಿ, ಒಗ್ಗರಣೆ, ಗ್ಯಾಸು ಎಲ್ಲ ಕೇಂದ್ರದ್ದೇ. ಮುಚ್ಚಿದ ಮೇಲೆ ಅವು ಮನೆಯವರ ತಲೆಗೆ ಬರುತ್ತವೆ, ಅದೂ ಕೂಲಿ ಇಲ್ಲದ ತಿಂಗಳಲ್ಲಿ.

2020ರಲ್ಲಿ ಆಹಾರ ಭದ್ರತಾ ಕಾಯ್ದೆಯ ಅನುಸೂಚಿ 2ರ ಪ್ರಕಾರ 6 ತಿಂಗಳಿಂದ 6 ವರ್ಷದ ಮಗುವಿಗೆ ದಿನಕ್ಕೆ 500 ಕಿಲೋಕ್ಯಾಲರಿ, 12-15 ಗ್ರಾಂ ಪ್ರೋಟೀನ್. ಅಪೌಷ್ಟಿಕ ಮಗುವಿಗೆ 800 ಮತ್ತು 20-25 ಗ್ರಾಂ. ಗರ್ಭಿಣಿ, ಬಾಣಂತಿಗೆ 600 ಮತ್ತು 18-20 ಗ್ರಾಂ.

3-6 ವರ್ಷದ ಒಂದು ಮಗುವಿಗೆ ಒಂದು ದಿನಕ್ಕೆ: ಅಕ್ಕಿ 60 ಗ್ರಾಂ, ತೊಗರಿಬೇಳೆ 25, ಕಡಲೆಬೀಜ 15, ಬೆಲ್ಲ 20, ಎಣ್ಣೆ 5. ಕೂಡಿದರೆ ಸುಮಾರು 500 ಕಿಲೋಕ್ಯಾಲರಿ, 13 ಗ್ರಾಂ ಚಿಲ್ಲರೆ ಪ್ರೋಟೀನ್. 25 ದಿನಕ್ಕೆ ಅಕ್ಕಿ ಒಂದೂವರೆ ಕೆಜಿ, ಬೇಳೆ 625 ಗ್ರಾಂ, ಕಡಲೆಬೀಜ 375, ಬೆಲ್ಲ ಅರ್ಧ ಕೆಜಿ, ಎಣ್ಣೆ 125 ಗ್ರಾಂ.

ಮೊದಲು ಕೈಕೊಡುವುದು ಎಣ್ಣೆ. 125 ಗ್ರಾಂ ಎಣ್ಣೆ ಅಳೆದು ಕೊಡಲು ಹೋದರೆ ಸೋರುತ್ತದೆ, ಕಲಬೆರಕೆಯ ಮಾತು ಬರುತ್ತದೆ. ಎಣ್ಣೆ ಬಿಟ್ಟು ದಿನಕ್ಕೆ 8 ಗ್ರಾಂ ಕಡಲೆಬೀಜ ಹೆಚ್ಚಿಸಿ, ಶಕ್ತಿ ಅಷ್ಟೇ ಬರುತ್ತದೆ. ಆಗ ಕಡಲೆಬೀಜ 575 ಗ್ರಾಂ, ಇಡೀ ಚೀಲ 3 ಕೆಜಿ 200 ಗ್ರಾಂ.

ಅದಕ್ಕಿಂತ ದೊಡ್ಡ ಸಮಸ್ಯೆ ಅಕ್ಕಿಯದು. ಐದು ಜನರ ಮನೆಗೆ ಒಂದೂವರೆ ಕೆಜಿ ಅಕ್ಕಿ ಒಂದೇ ದಿನದ ಅಡುಗೆ. ಮಗುವಿನ ಹೆಸರಲ್ಲಿ ಹೋದ ಅಕ್ಕಿ ಮನೆಯ ಪಾತ್ರೆಗೆ ಬೀಳುತ್ತದೆ, ಬೀಳಲೇಬೇಕು; ಹಸಿದ ಮನೆಯಲ್ಲಿ ಯಾರೂ ಅಕ್ಕಿಯನ್ನು ಬೇರೆ ಬೇಯಿಸುವುದಿಲ್ಲ. ಹಾಗಾಗಿ ಮೊದಲು ನೋಡಬೇಕಾದ್ದು ಆ ಮನೆಗೆ ನ್ಯಾಯಬೆಲೆ ಅಂಗಡಿಯ ಪಡಿತರ ಬಂದಿದೆಯೇ ಅಂತ. 2020ರ ಏಪ್ರಿಲ್‌ನಿಂದ ಗರೀಬ್ ಕಲ್ಯಾಣ್ ಅನ್ನ ಯೋಜನೆಯಲ್ಲಿ ತಲೆಗೆ 5 ಕೆಜಿ ಹೆಚ್ಚುವರಿ ಧಾನ್ಯ ಸಿಕ್ಕಿತು. ಅಂಥ ವ್ಯವಸ್ಥೆ ಇರುವ ಮನೆಗಳಿಗೆ ಅಂಗನವಾಡಿ ಚೀಲದ ಅಕ್ಕಿಯನ್ನು ಅರ್ಧ ಮಾಡಿ: 30 ಗ್ರಾಂ ಅಕ್ಕಿಯ ಶಕ್ತಿ 10 ಗ್ರಾಂ ಕಡಲೆಬೀಜ ಮತ್ತು 12 ಗ್ರಾಂ ಬೆಲ್ಲದಲ್ಲಿದೆ. ಹುರಿದು ಪುಡಿ ಮಾಡಿ ಬೆಲ್ಲ ಸೇರಿಸಿ ಉಂಡೆ ಕಟ್ಟಿದರೆ ಅದು ಮಗುವಿನ ಡಬ್ಬಿಯಲ್ಲಿ ಉಳಿಯುತ್ತದೆ. ಇಡೀ ಕಡಲೆಬೀಜವನ್ನು ಚಿಕ್ಕ ಮಕ್ಕಳ ಕೈಗೆ ಕೊಡಬಾರದು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಅಂತ ಚೀಲದ ಚೀಟಿಯಲ್ಲೇ ಬರೆಯಿರಿ.

ತೀವ್ರ ಅಪೌಷ್ಟಿಕ ಮಗುವಿಗೆ ಇದರ ಮೇಲೆ ದಿನಕ್ಕೊಂದು ಮೊಟ್ಟೆ, 10 ಗ್ರಾಂ ಕಡಲೆಬೀಜ, 20 ಗ್ರಾಂ ಬೆಲ್ಲ, 10 ಗ್ರಾಂ ಎಣ್ಣೆ ಸೇರಿಸಿದರೆ 800ರ ಹತ್ತಿರ ಬರುತ್ತದೆ. ಇಬ್ಬರೇ ಮಕ್ಕಳಾದ್ದರಿಂದ ಅವರಿಗೆ ಎಣ್ಣೆಯ ಅರ್ಧ ಲೀಟರಿನ ಸೀಲ್ ಪ್ಯಾಕೆಟ್ ಕೊಡಬಹುದು.

ಬೇಳೆಯ ಬದಲು ಇಡೀ ಕಾಳು ಕೊಡಬೇಡಿ. ಕಡಲೆಕಾಳು ಬೇಯಲು ಹೊತ್ತು ಹಿಡಿಯುತ್ತದೆ, ಸೌದೆ-ಗ್ಯಾಸು ಉಳಿಸುವ ಮನೆಯಲ್ಲಿ ಅದು ಮೂಲೆಯಲ್ಲೇ ಕೂರುತ್ತದೆ. ಹೆಸರುಬೇಳೆ ಬೇಗ ಬೇಯುತ್ತದೆ, ಮಗುವಿಗೂ ಹಗುರ.

ಹೊಂಗೆ ಉತ್ತರಿಸಿದ್ದು:

ಹಂಚಿಕೆಯ ಬಗ್ಗೆ. ತಿಂಗಳಿಗೆ ಒಮ್ಮೆ ಕೊಡುವುದು ಇಲಾಖೆಗೆ ಸುಲಭ, ಮನೆಗೆ ಕೆಟ್ಟದ್ದು. 15 ದಿನಕ್ಕೊಮ್ಮೆ ಮಾಡಿ. ಮೊಟ್ಟೆಯನ್ನೇ ತೆಗೆದುಕೊಳ್ಳಿ: 12 ತಾಯಂದಿರು, ಇಬ್ಬರು ಮಕ್ಕಳು, ಒಂದು ಸುತ್ತಿಗೆ ತಲಾ 13 ಅಂದರೆ 182 ಮೊಟ್ಟೆ, ಆರು ಟ್ರೇ ಮೇಲೆ ಎರಡು. ಏಪ್ರಿಲ್-ಮೇ ಬಿಸಿಲಲ್ಲಿ ಫ್ರಿಜ್ ಇಲ್ಲದ ಮನೆಯಲ್ಲಿ ತಿಂಗಳ ಮೊಟ್ಟೆ ಉಳಿಯುವುದಿಲ್ಲ. ತೊಳೆದಿಡಬೇಡಿ ಅಂತಲೂ ಹೇಳಬೇಕು. ತೊಳೆದರೆ ಮೇಲಿನ ರಕ್ಷಣಾ ಪದರ ಹೋಗಿ ಬೇಗ ಕೆಡುತ್ತದೆ.

ಕೇಂದ್ರದ ಮುಂದೆ ಎಲ್ಲರನ್ನೂ ಒಂದೇ ಬೆಳಿಗ್ಗೆ ಕರೆಯಬೇಡಿ. ನಿಮ್ಮ ಮಾದರಿ ಕೇಂದ್ರದಲ್ಲಿ 40-50 ಮನೆ ಇರುತ್ತವೆ. ಮನೆಬಾಗಿಲಿಗೆ ಹೋಗುವುದಾದರೆ ಮನೆಗೆ 10 ನಿಮಿಷ ಹಿಡಿಯಿರಿ, ಎಂಟು ಗಂಟೆ ಆಗುತ್ತದೆ. ಎರಡು ದಿನಕ್ಕೆ ಹಂಚಿ, ದಿನಕ್ಕೆ ಒಂದು ಬೀದಿ. ಭಾರವನ್ನೂ ಲೆಕ್ಕ ಹಾಕಿ: 30 ಮಕ್ಕಳದ್ದೇ ತಿಂಗಳಿಗೆ 96 ಕೆಜಿ. ಕಾರ್ಯಕರ್ತೆ, ಸಹಾಯಕಿ ಇಬ್ಬರು ತಲೆಮೇಲೆ ಹೊತ್ತು ತಿರುಗುವ ಹೊರೆ ಅಲ್ಲ ಅದು. ಆಟೋ ಅಥವಾ ಟಂಟಂ ಬಾಡಿಗೆಗೆ ಯೋಜನೆಯಲ್ಲಿ ಪ್ರತ್ಯೇಕ ಸಾಲು ಇರಲೇಬೇಕು. ಇಲ್ಲದಿದ್ದರೆ ಆ ದುಡ್ಡು ಅವರ ಗೌರವಧನದಿಂದ ಹೋಗುತ್ತದೆ, ಇದು ಅನ್ಯಾಯ. ಒಬ್ಬರೇ ಇರುವ ಮಿನಿ ಅಂಗನವಾಡಿಗೆ, ಕೇಂದ್ರದ ಉಸ್ತುವಾರಿ ನೋಡುವ ಊರಿನವರ ಬಾಲವಿಕಾಸ ಸಮಿತಿಯಿಂದ ಇಬ್ಬರ ಹೆಸರನ್ನು ಮೊದಲೇ ಬರೆದಿಡಿ.

ಪ್ರತಿ ಕೇಂದ್ರಕ್ಕೂ ಒಂದು ಜೋಡಿ ಕೇಂದ್ರ ಗೊತ್ತುಮಾಡಿ. ಈ ಕೇಂದ್ರದ ಕಾರ್ಯಕರ್ತೆಗೆ ಸೋಂಕು ತಗುಲಿದರೆ ಆ ಕೇಂದ್ರದವರು ಹಂಚುತ್ತಾರೆ. ಅದಕ್ಕೆ ಫಲಾನುಭವಿಗಳ ಪಟ್ಟಿ, ಉಗ್ರಾಣದ ಕೀಲಿ ಇಬ್ಬರ ಹತ್ತಿರವೂ ಇರಬೇಕು. ಕೀಲಿ ಒಬ್ಬರ ಮನೆಯಲ್ಲಿ, ಆ ಮನೆ ಸೀಲ್‌ಡೌನ್ ಆದರೆ ಇಡೀ ಊರಿನ ಚೀಲ ಒಳಗೇ ಉಳಿಯುತ್ತದೆ.

ಕ್ವಾರಂಟೈನ್ ಮನೆಗೆ ಚೀಲವನ್ನು ಜಗುಲಿ ಮೇಲಿಟ್ಟು, ದೂರ ಸರಿದು, ಫೋನ್ ಮಾಡಿ. ಹೆಬ್ಬೆಟ್ಟು, ಸಹಿ ಬೇಡ. ಬಾಗಿಲ ಮುಂದಿನ ಚೀಲದ ಫೋಟೊ ಸಾಕು. ಚೀಲದ ಮೇಲೆ ಬ್ಲೀಚಿಂಗ್ ದ್ರಾವಣ ಸಿಂಪಡಿಸಲು ಬಿಡಬೇಡಿ. ನೂಲಿನ ಚೀಲವಾದರೆ ಒಳಗಿನ ಬೇಳೆಗೆ ಇಳಿಯುತ್ತದೆ. ತುಂಬುವ ಮುಂಚೆ, ಹಂಚುವ ಮುಂಚೆ ಸೋಪಿನಲ್ಲಿ ಕೈ ತೊಳೆದರೆ ಸಾಕು.

ಬೆಲ್ಲವನ್ನು ಬೇಳೆಯ ಜೊತೆ ಒಂದೇ ಕವರಿಗೆ ಹಾಕಬೇಡಿ. ನೀರೊಡೆದು ಎರಡೂ ಹಾಳು. ಬೂಷ್ಟು ಹಿಡಿದ ಕಡಲೆಬೀಜ ಕಂಡರೆ ಆರಿಸಿ ಕೊಡುವುದಲ್ಲ, ಆ ಮೂಟೆಯನ್ನೇ ವಾಪಸ್ ಕಳಿಸಿ. ಬೂಷ್ಟಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.

ತಾಯಿಕಾರ್ಡ್ ಉತ್ತರಿಸಿದ್ದು:

ತೂಕದ ಪ್ರಶ್ನೆಗೆ ಉತ್ತರ ತೋಳಿನ ಪಟ್ಟಿಯಲ್ಲಿದೆ. 6 ತಿಂಗಳಿಂದ 59 ತಿಂಗಳ ಮಕ್ಕಳಿರುವ ಪ್ರತಿ ಮನೆಗೂ ಮೊದಲ ಚೀಲದ ಜೊತೆ ಒಂದು ತೋಳಳತೆ ಪಟ್ಟಿ ಕೊಡಿ, ಅಳೆಯುವುದನ್ನು ತಾಯಿಗೇ ಕಲಿಸಿ. ಎಡಗೈ, ಬಟ್ಟೆ ಸರಿಸಿ, ಕೈ ಸಡಿಲವಾಗಿ ಇಳಿಬಿಟ್ಟಿರಬೇಕು. ಭುಜದ ತುದಿಗೂ ಮೊಣಕೈಗೂ ನಡುವೆ ಪಟ್ಟಿ ಸುತ್ತಿ, ಕಿಂಡಿಯಲ್ಲಿ ಬಾಣದ ಗುರುತಿನ ಎದುರು ಯಾವ ಬಣ್ಣ ಇದೆ ನೋಡಬೇಕು. 11.5 ಸೆಂ.ಮೀ.ಗಿಂತ ಕಡಿಮೆ ಕೆಂಪು, 11.5ರಿಂದ 12.5ರೊಳಗೆ ಹಳದಿ, ಅದರ ಮೇಲೆ ಹಸಿರು.

ತಪ್ಪಾಗುವುದು ಎಳೆತದಲ್ಲಿ. ಚರ್ಮ ಸುಕ್ಕುಗಟ್ಟುವಷ್ಟು ಬಿಗಿದರೆ ಹಸಿರು ಮಗು ಹಳದಿಯಾಗುತ್ತದೆ. ಪಟ್ಟಿ ಮತ್ತು ತೋಳಿನ ನಡುವೆ ಬೆಳಕು ಕಂಡರೆ ಕೆಂಪು ಮಗು ತಪ್ಪಿಸಿಕೊಳ್ಳುತ್ತದೆ. ಎರಡನೆಯದೇ ಅಪಾಯ. ಕಿಂಡಿ ಕಾಣುವಂತೆ ಫೋಟೊ ತೆಗೆದು ಕಾರ್ಯಕರ್ತೆಗೆ ವಾಟ್ಸಾಪ್ ಮಾಡಲಿ, ಫೋನ್ ಇಲ್ಲದವರದ್ದು ಚೀಲ ಕೊಡುವಾಗ ಬಾಗಿಲಲ್ಲೇ ತಾಯಿ ಅಳೆದು ತೋರಿಸಲಿ. 15 ದಿನಕ್ಕೊಮ್ಮೆ ಚೀಲ ಅಂದರೆ 15 ದಿನಕ್ಕೊಮ್ಮೆ ಅಳತೆ.

ಜೊತೆಗೆ ಪಾದದ ಊತ. ಎರಡೂ ಪಾದದ ಮೇಲೆ ಹೆಬ್ಬೆರಳಿಂದ ಮೂರು ಸೆಕೆಂಡು ಒತ್ತಿ ಬಿಟ್ಟಾಗ ಎರಡರಲ್ಲೂ ಗುಳಿ ಉಳಿದರೆ ಪಟ್ಟಿಯ ಬಣ್ಣ ನೋಡುತ್ತಾ ಕೂರಬೇಡಿ, ಅದೇ ದಿನ ವೈದ್ಯರ ಹತ್ತಿರ. ಕೆಂಪು ಮಗುವಿಗೆ ಜ್ವರ, ಭೇದಿ ಇದ್ದರೆ ಅಥವಾ ತಿನ್ನಲು ಒಪ್ಪದಿದ್ದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ (ಅಪೌಷ್ಟಿಕ ಮಕ್ಕಳನ್ನು ದಾಖಲಿಸಿಕೊಂಡು ನೋಡುವ ಆಸ್ಪತ್ರೆಯ ವಿಭಾಗ). ಬಸ್ ನಿಂತಿರುವ ದಿನಗಳಲ್ಲಿ 'ಕರೆದುಕೊಂಡು ಹೋಗಿ' ಅಂದರೆ ಯಾರೂ ಹೋಗುವುದಿಲ್ಲ, ವಾಹನ ಯಾರು ಕಳಿಸುತ್ತಾರೆ ಅಂತ ಯೋಜನೆಯಲ್ಲೇ ಬರೆಯಿರಿ.

ತೋಳಳತೆ ಮತ್ತು ಎತ್ತರಕ್ಕೆ ತಕ್ಕ ತೂಕ ಹಿಡಿಯುವ ಮಕ್ಕಳು ಒಂದೇ ಅಲ್ಲ. ಪಟ್ಟಿಯಲ್ಲಿ ಹಸಿರಿದ್ದರೂ ತೂಕದಲ್ಲಿ ಕುಗ್ಗಿದ ಮಕ್ಕಳಿರುತ್ತಾರೆ. ಕೇಂದ್ರ ತೆರೆದ ಮೊದಲ ವಾರದಲ್ಲೇ ಎಲ್ಲರ ತೂಕ, ಎತ್ತರ ನೋಡಬೇಕು.

ಇನ್ನೊಂದು, ಬಹಳ ಮುಖ್ಯ. ಹಾಲಿನ ಪುಡಿ ಹಂಚುವಾಗ ಆರು ತಿಂಗಳೊಳಗಿನ ಕೂಸಿರುವ ಮನೆಯಲ್ಲಿ ಅದು ತಾಯಿಗೆ, ಕೂಸಿಗಲ್ಲ ಅಂತ ಬಾಯಿಬಿಟ್ಟು ಹೇಳಬೇಕು. ತಾಯಿಗೆ ಕೊರೊನಾ ಬಂದರೂ ಎದೆಹಾಲು ನಿಲ್ಲಿಸುವುದು ಬೇಡ, ಮಾಸ್ಕ್ ಹಾಕಿ ಕೈ ತೊಳೆದು ಕುಡಿಸಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿತ್ತು. ಹೆದರಿಕೆಯಿಂದ ಎದೆಹಾಲು ಬಿಡಿಸಿ ಬಾಟಲಿಗೆ ಪುಡಿ ಕಲಸಿದರೆ ಭೇದಿಯ ಅಪಾಯ ಕಾದಿರುತ್ತದೆ.

ಹಳೇ ರಿಜಿಸ್ಟರ್ ಉತ್ತರಿಸಿದ್ದು:

ತಕ್ಕಡಿ ಅವರ ಲೆಕ್ಕ ಸರಿ, ಆದರೆ ಅದು 2020ರ ಅನುಸೂಚಿ. 2023ರ ಜನವರಿಯಲ್ಲಿ ಅನುಸೂಚಿ 2 ಪರಿಷ್ಕರಣೆಯಾಗಿ ಸೂಕ್ಷ್ಮ ಪೋಷಕಾಂಶಗಳೂ ಸೇರಿವೆ. ಅಂತಿಮ ಪಟ್ಟಿಯನ್ನು ಹೊಸದರ ಮುಂದಿಟ್ಟು ತಾಳೆ ನೋಡಿ. ಕಬ್ಬಿಣಾಂಶಕ್ಕೆ ಅಕ್ಕಿಯ ಒಂದು ಭಾಗ ರಾಗಿ ಮಾಡಿದರೆ ಒಳ್ಳೆಯದು, ಕ್ಯಾಲ್ಸಿಯಂ ಕೂಡ ಬರುತ್ತದೆ.

ದುಡ್ಡಿನ ಮಾತು. 2017ರ ಪರಿಷ್ಕರಣೆಯ ದರ ದಿನಕ್ಕೆ ಮಗುವಿಗೆ ₹8, ತೀವ್ರ ಅಪೌಷ್ಟಿಕ ಮಗುವಿಗೆ ₹12, ಗರ್ಭಿಣಿ-ಬಾಣಂತಿಗೆ ₹9.50. 25 ದಿನಕ್ಕೆ ₹200, ₹300, ₹237.50. ಚೀಲ ಈ ಮಿತಿಯೊಳಗೆ ಕೂರುತ್ತದೆಯೇ ಅಂತ ಸಗಟು ದರ ಹಾಕಿ ನೋಡಿ. ಲಾಕ್‌ಡೌನ್‌ನಲ್ಲಿ ಬೇಳೆ, ಎಣ್ಣೆ ದರ ಏರಿದಾಗ ಮೊದಲು ಬೀಳುವುದು ಕಡಲೆಬೀಜದ ಪ್ರಮಾಣ, ಅಂದರೆ ಮಗುವಿಗೇ ಉಳಿಯುವ ಭಾಗ. ದರ ಏರಿದರೆ ಯಾವುದನ್ನು ಮುಟ್ಟಬಾರದು ಅಂತ ಈಗಲೇ ಬರೆದಿಡಿ.

ಕಾನೂನಿನ ಕಡೆಯಿಂದ ಮೂರು ಅಂಶ ಸೇರಿಸಿ. ಕಾಯ್ದೆಯ 8ನೇ ಕಲಂ ಪ್ರಕಾರ ಅರ್ಹರಿಗೆ ಧಾನ್ಯ ಅಥವಾ ಊಟ ಪೂರೈಸದಿದ್ದರೆ ರಾಜ್ಯ ಸರ್ಕಾರ ಆಹಾರ ಭದ್ರತಾ ಭತ್ಯೆ ಕೊಡಬೇಕು. 2020ರ ಮಾರ್ಚ್ 18ರಂದು ಸುಪ್ರೀಂ ಕೋರ್ಟ್ ಬಿಸಿಯೂಟ ನಿಂತದ್ದನ್ನು ತಾನಾಗಿಯೇ ಕೈಗೆತ್ತಿಕೊಂಡು ರಾಜ್ಯಗಳಿಗೆ ನೋಟಿಸ್ ಕೊಟ್ಟಿತು. 2021ರ ಜನವರಿ 13ರಂದು, ಕಂಟೈನ್‌ಮೆಂಟ್ ವಲಯದ ಹೊರಗೆ ಅಂಗನವಾಡಿ ತೆರೆಯುವ ಬಗ್ಗೆ ಆ ತಿಂಗಳ 31ರೊಳಗೆ ತೀರ್ಮಾನಿಸಿ ಎಂದಿತು. ಆದ್ದರಿಂದ 'ಯಾವಾಗ ತೆರೆಯುತ್ತೇವೆ' ಎಂಬ ಪುಟವೂ ಯೋಜನೆಯಲ್ಲಿರಲಿ.

ಊರಿಗೆ ವಾಪಸಾದ ವಲಸೆ ಮನೆಗಳಿಗೆ ರಿಜಿಸ್ಟರಿನ ಕೊನೆಯಲ್ಲಿ ಬೇರೆ ಹಾಳೆ ತೆರೆಯಿರಿ. ತಾಯಿ ಕಾರ್ಡ್ ಇದ್ದರೆ ಅದೇ ದಾಖಲೆ, ಅದೂ ಇಲ್ಲದಿದ್ದರೆ ಆಶಾ ಕಾರ್ಯಕರ್ತೆಯ ಮಾತು ಸಾಕು. ಮೊದಲು ಚೀಲ ಕೊಡಿ, ಆಧಾರ್ ನಂತರ. ದಾಸ್ತಾನನ್ನು ನಿಮ್ಮ ಪಟ್ಟಿಗಿಂತ ಹತ್ತರಲ್ಲಿ ಒಂದು ಪಾಲು ಹೆಚ್ಚು ಇಟ್ಟುಕೊಂಡರೆ ಇವರಿಗೆ ಇಲ್ಲ ಅನ್ನುವ ಪ್ರಮೇಯ ಬರುವುದಿಲ್ಲ.

ಹೊಸಚಿಗುರು:

ಇಷ್ಟು ವಿವರ ಸಿಕ್ಕಿದ್ದು ದೊಡ್ಡ ಉಪಕಾರ. ಒಂದೇ ಒಂದು ಉಳಿಯಿತು. ಗರ್ಭಿಣಿ-ಬಾಣಂತಿಯರ ಬಿಸಿಯೂಟದ ಯೋಜನೆ ಮಾತೃಪೂರ್ಣದಲ್ಲಿ ತಾಯಂದಿರು ಕೇಂದ್ರಕ್ಕೇ ಬಂದು ಉಣ್ಣುತ್ತಾರೆ, ಮಾತ್ರೆಯನ್ನೂ ನಮ್ಮೆದುರೇ ನುಂಗುತ್ತಾರೆ. ಮುಚ್ಚಿದಾಗ ಮಾತ್ರೆ ಏನು ಮಾಡುವುದು?

ತಾಯಿಕಾರ್ಡ್:

ಚೀಲದಲ್ಲೇ ಇಡಿ, ಆದರೆ ಬೇರೆ ಕಾಗದದ ಕವರಿನಲ್ಲಿ, ತಾಯಿಯ ಹೆಸರು ಬರೆದು, ಮಕ್ಕಳ ಕೈಗೆ ಎಟುಕದ ಕಡೆ ಇಡಿ ಅಂತ ಹೇಳಿ. ಮಕ್ಕಳು ಕಬ್ಬಿಣದ ಮಾತ್ರೆ ನುಂಗಿದರೆ ಜೀವಕ್ಕೆ ಅಪಾಯ. 15 ದಿನಕ್ಕೆ ಕಬ್ಬಿಣಾಂಶದ ಮಾತ್ರೆ 15, ಕ್ಯಾಲ್ಸಿಯಂ 30. ಎರಡನ್ನೂ ಒಟ್ಟಿಗೆ ನುಂಗಬಾರದು, ಕನಿಷ್ಠ ಎರಡು ಗಂಟೆ ಅಂತರ ಇರಲಿ. ಕ್ಯಾಲ್ಸಿಯಂ ಬೆಳಿಗ್ಗೆ, ಮಧ್ಯಾಹ್ನ ಎರಡು ಹೊತ್ತು ಊಟದ ಜೊತೆ, ಕಬ್ಬಿಣ ರಾತ್ರಿ ಮಲಗುವ ಮುಂಚೆ, ಚಹಾ ಜೊತೆ ಬೇಡ. ಮುಂದಿನ ಸುತ್ತಿನಲ್ಲಿ ಮಾತ್ರೆಯ ಖಾಲಿ ಪಟ್ಟಿಯನ್ನು ವಾಪಸ್ ಕೇಳಿ. ಪಟ್ಟಿ ತುಂಬಿಯೇ ಇದ್ದರೆ ಗದರಬೇಡಿ, ವಾಕರಿಕೆ ಬರುತ್ತದೆಯೇ ಅಂತ ಕೇಳಿ. ಬಹಳ ಸಲ ಕಾರಣ ಅದೇ ಇರುತ್ತದೆ, ಕಬ್ಬಿಣದ ಮಾತ್ರೆಯನ್ನು ರಾತ್ರಿ ಊಟವಾದ ಮೇಲೆ ತೆಗೆದುಕೊಳ್ಳಲು ಹೇಳಿದರೆ ಸುಧಾರಿಸುತ್ತದೆ.